ಕರ್ಣಶಷ್ಕುಲಿಯೂ ಶ್ರವಣಯಂತ್ರವೂ

ತಲಕಾಡಿನ ಸ್ಥಳಪುರಾಣವು ಒಂದು ಧ್ವನಿಯನ್ನು ಕೇಳಿದವರ ಕಥೆ. ತಲ, ಕಾಡ ಎಂಬ ಇಬ್ಬರು ಬೇಡರು ಆನೆಗಳು ಪೂಜಿಸುತ್ತಿದ್ದ ಮರವೊಂದನ್ನು ಕೊಡಲಿಯಿಂದ ಕಡಿಯಲು ಅದರಿಂದ ನೆತ್ತರು ಹರಿಯಿತೆಂದೂ, ಆ ಮರದ ಎಲೆ ಕಾಯಿಗಳನ್ನೇ ಗಾಯಕ್ಕೆ ಕಟ್ಟಬೇಕೆಂಬ ಅಶರೀರವಾಣಿಯನ್ನು ಕೇಳಿ ಅವರು ಹಾಗೆಯೇ ಮಾಡಲು ಗಾಯವು ಮಾಯಿತೆಂದೂ, ತನ್ನ ಚಿಕಿತ್ಸೆಯನ್ನು ತಾನೇ ಹೇಳಿದ ಶಿವನಿಗೆ ಆದಕಾರಣ ವೈದ್ಯೇಶ್ವರನೆಂಬ ಹೆಸರು ಬಂದಿತೆಂದೂ ಹೇಳುವರು. ಈ ಕಥೆಯ ಐತಿಹಾಸಿಕತೆಯು ಇಲ್ಲಿ ವಿಚಾರ್ಯವಲ್ಲ. ಆದರೆ ಅದರಲ್ಲಿ ಒಂದಂಶವು ಗಮನಾರ್ಹವಾಗಿದೆ: ಮದ್ದು ಮೊದಲಿನಿಂದಲೂ ಮರದಲ್ಲಿಯೇ ಇದ್ದಿತು, ಮಾತು ಕಿವಿಗೆ ಬಿದ್ದ ಮೇಲಲ್ಲದೆ ಅದು ಮದ್ದಾಗಲಿಲ್ಲ. ತಲಕಾಡು ಮರಳಿನಲ್ಲಿ ಹೂತುಹೋದುದಕ್ಕೆ ಕಾರಣವಾಗಿ ಹೇಳುವ ಅಲಮೇಲಮ್ಮನ ಶಾಪವಾದರೂ ಬಾಯಿಂದ ಕಿವಿಗೆ ಬಂದು ಜನರಲ್ಲಿ ಉಳಿದಿರುವುದೇ ಹೊರತು ಅದನ್ನು ಓದಿ ಅರಿತವರು ವಿರಳ.

ಇಂತಹ ಊರುಗಳಲ್ಲಿ ಮುಪ್ಪಿನವರು ತಮ್ಮ ಕಿವಿಯ ವಿಷಯವಾಗಿ ಹೇಳುವ ಮಾತು ಎಲ್ಲೆಡೆಯೂ ಒಂದೇ ಬಗೆಯದು: “ಗಂಟೆ ಕೇಳುತ್ತದೆ, ಮಾತು ಕೇಳುವುದಿಲ್ಲ.” ಮನೆಯವರು ಇದನ್ನು ನಂಬುವುದಿಲ್ಲ, ಗಂಟೆ ಕೇಳುವವನಿಗೆ ಮಾತೇಕೆ ಕೇಳದು, ಬೇಕೆಂದೇ ಕೇಳಿಸಿಕೊಳ್ಳನು ಎನ್ನುವರು. ಮುಂದೆ ಒಂದು ಯಂತ್ರವನ್ನು ತರುವರು. ಅದನ್ನು ನಾಲ್ಕು ದಿನ ಕಿವಿಯಲ್ಲಿಟ್ಟು, ಅದು ಸಿಳ್ಳೆ ಹಾಕುವುದೆಂದೋ ಸೆಲ್ಲು ಮುಗಿಯಿತೆಂದೋ ತೆಗೆದು ಪೆಟ್ಟಿಗೆಯಲ್ಲಿಟ್ಟುಬಿಡುವುದುಂಟು. ಕಿವಿಯ ಅಳತೆಗೆ ಮಾಡಿದ ಯಂತ್ರಗಳೂ, ಮರಳಿ ಮರಳಿ ವಿದ್ಯುತ್ತನ್ನು ತುಂಬಬಹುದಾದ ಯಂತ್ರಗಳೂ ಈಚೆಗೆ ಹೊಂದಿರುವ ಅಭಿವೃದ್ಧಿಯು ಈ ಪೆಟ್ಟಿಗೆಯ ಪ್ರಶ್ನೆಗೆ ಎಷ್ಟುಮಟ್ಟಿಗೆ ಉತ್ತರವಾಗಬಲ್ಲುದೆಂಬುದೇ ಪ್ರಕೃತ ಲೇಖನದ ವಿಷಯ.

೧. ಶಬ್ದಗ್ರಹಣ

ನಮ್ಮ ಶಾಸ್ತ್ರಕಾರರು ಶ್ರೋತ್ರೇಂದ್ರಿಯವನ್ನು ಕುರಿತು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ನ್ಯಾಯವೈಶೇಷಿಕರ ಮತದಲ್ಲಿ ಶಬ್ದವು ಆಕಾಶದ ಗುಣ. ಕರ್ಣಶಷ್ಕುಲಿಯೆಂಬ ಕಿವಿಯ ಸುರುಳಿಯಿಂದ ಅವಚ್ಛಿನ್ನವಾದ ಆಕಾಶವೇ ಶ್ರೋತ್ರ. ದೂರದಲ್ಲಿ ಹುಟ್ಟಿದ ಶಬ್ದವು ಕಿವಿಯನ್ನು ಹೇಗೆ ಸೇರುವುದೆಂಬುದಕ್ಕೆ ವಿಶ್ವನಾಥನು ಭಾಷಾಪರಿಚ್ಛೇದದಲ್ಲಿ ವೀಚೀತರಂಗನ್ಯಾಯವನ್ನೂ ಕದಂಬಗೋಲಕನ್ಯಾಯವನ್ನೂ ಹೇಳುತ್ತಾನೆ: ಅಲೆಯಿಂದ ಅಲೆ ಹುಟ್ಟುವಂತೆ ಎಂಬುದು ಒಂದು, ಕದಂಬದ ಹೂವು ಎಲ್ಲ ಕಡೆಗೂ ಒಮ್ಮೆಗೇ ಅರಳುವಂತೆ ಎಂಬುದು ಇನ್ನೊಂದು. ಇನ್ನು ಆಕಾಶವು ನಿತ್ಯವೂ ಸರ್ವತ್ರ ಇರುವುದೂ ಆದ ಮೇಲೆ ಕಿವುಡನೆಂಬವನು ಹೇಗೆ ಇರಬಲ್ಲನು ಎಂಬ ಆಕ್ಷೇಪವನ್ನು ಪ್ರಶಸ್ತಪಾದನೇ ಎದುರಿಸಿ, ಆ ಆಕಾಶಭಾಗವನ್ನು ಪುರುಷನ ಭೋಗಕ್ಕೆ ಒದಗಿಸುವ ಉಪನಿಬಂಧಕದ ಕೊರತೆಯೇ ಬಾಧಿರ್ಯಕ್ಕೆ ಕಾರಣವೆಂದು ಸಮಾಧಾನ ಹೇಳಿದ್ದಾನೆ. ಸುಶ್ರುತನು ಬಾಧಿರ್ಯವನ್ನು ಇಪ್ಪತ್ತೆಂಟು ಕರ್ಣರೋಗಗಳಲ್ಲಿ ಒಂದಾಗಿ ಎಣಿಸುತ್ತಾನೆ.

ಕನ್ನಡದಲ್ಲಿ ೧೩ನೆಯ ಶತಮಾನದ ಕೇಶಿರಾಜನ ಪಕ್ಷವೇ ಬೇರೆ. ಜೈನಸಂಪ್ರದಾಯವನ್ನು ಅನುಸರಿಸಿದ ಆತನಿಗೆ ಶಬ್ದವು ಗುಣವಲ್ಲ, ದ್ರವ್ಯ. ನಾಭಿಮೂಲದಿಂದ ಅದು ಕಹಳೆಯ ಆಕಾರದಲ್ಲಿ ಹೊರಡುವುದೆಂದು ಶಬ್ದಮಣಿದರ್ಪಣವು ನಿರೂಪಿಸುತ್ತದೆ.

ಪೂರ್ವಿಕರು ಇಂದಿನ ಯಂತ್ರಗಳನ್ನು ಅರಿತಿದ್ದರೆಂದು ಸಾಧಿಸುವುದು ಇಲ್ಲಿಯ ಅಭಿಪ್ರಾಯವಲ್ಲ. ಅಂತಹ ವಾದವು ಶಾಸ್ತ್ರಕ್ಕೂ ಯಂತ್ರಕ್ಕೂ ಗೌರವವನ್ನು ತರುವುದಿಲ್ಲ. ಆದರೆ ಅವರು ಮಾಡಿದ ಒಂದು ವಿವೇಚನೆ ಇಂದಿಗೂ ಸಲ್ಲುವುದು. ಶಬ್ದವು ಎಲ್ಲರಿಗೂ ಒಂದೇ. ಅದನ್ನು ಪಡೆಯುವ ಕಿವಿಯು ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ. ಕೊರತೆಯನ್ನು ತುಂಬಬೇಕಾದುದು ಆ ಬೇರೆಯಾದ ಎಡೆಯಲ್ಲಿ.

೨. ಬಾಧಿರ್ಯದ ಸ್ವರೂಪ

ಆಧುನಿಕರ ಶೋಧದಂತೆ ಹೊರಗಿವಿಯಿಂದ ಒಳಹೊಕ್ಕ ಅಲೆಗಳು ತಮಟೆಯಂತಿರುವ ಪೊರೆಯನ್ನು ಅಲುಗಿಸಿ, ಮೂರು ಸಣ್ಣ ಎಲುಬುಗಳ ಮೂಲಕ ಒಳಗಿವಿಯ ಶಂಖಾಕೃತಿಯ ಸುರುಳಿಯನ್ನು ಸೇರುತ್ತವೆ. ಅಲ್ಲಿರುವ ಸುಮಾರು ಹದಿನೈದು ಸಾವಿರ ರೋಮಕೋಶಗಳು ಆ ಚಲನೆಯನ್ನು ನರಕ್ಕೆ ಒಪ್ಪಿಸುತ್ತವೆ. ಸುರುಳಿಯ ಬಾಗಿಲಿನ ಬಳಿಯ ಕೋಶಗಳು ಉಚ್ಚಸ್ವರಗಳನ್ನೂ ತುದಿಯ ಕೋಶಗಳು ಮಂದ್ರಸ್ವರಗಳನ್ನೂ ಗ್ರಹಿಸುವುವು. ಮುಪ್ಪಿನಿಂದಲೂ ಬಹುಕಾಲದ ಗದ್ದಲದಿಂದಲೂ ಮೊದಲು ಹಾಳಾಗುವುವು ಬಾಗಿಲಿನ ಬಳಿಯವೇ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ನಷ್ಟವಾದರೆ ಮತ್ತೆ ಹುಟ್ಟುವುದಿಲ್ಲ.

ಇದರ ಫಲವು ಭಾಷೆಯನ್ನು ಬಲ್ಲವರಿಗೆ ಬೇಗ ಮನದಟ್ಟಾಗುವುದು. ಮಾತಿನಲ್ಲಿ ಸ್ವರಾಕ್ಷರಗಳ ಶಕ್ತಿಯು ಹೆಚ್ಚಾಗಿ ೧೦೦೦ ಹರ್ಟ್ಜ್‌ಗಿಂತ ಕೆಳಗಿನ ಕಂಪನಗಳಲ್ಲಿ ನೆಲಸಿರುವುದು. ಕ, ತ, ಪ ಮೊದಲಾದ ಶ್ವಾಸಾಕ್ಷರಗಳ ಗುರುತು ಅದಕ್ಕಿಂತ ಮೇಲಿನ ಕಂಪನಗಳಲ್ಲಿಯೂ, ಸಕಾರದ ಶಕ್ತಿಯು ೪೦೦೦ ಹರ್ಟ್ಜ್ ಮತ್ತು ಅದಕ್ಕೂ ಮೇಲೆಯೂ ಇರುವುದು. ಆದುದರಿಂದ ಉಚ್ಚಸ್ವರಗಳನ್ನು ಕಳೆದುಕೊಂಡ ಕಿವಿಗೆ ಅಚ್ಚುಗಳು ಕೇಳುವುವು, ಹಲ್ಲುಗಳು ಕೇಳವು. ಕಾಲು, ಪಾಲು, ಸಾಲು, ಹಾಲು ಎಂಬ ನಾಲ್ಕು ಮಾತುಗಳನ್ನು ತೆಗೆದುಕೊಂಡರೆ ಇವುಗಳಲ್ಲಿ ಭೇದವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. ಆ ವ್ಯಂಜನವು ಅಳಿದಾಗ ನಾಲ್ಕೂ ಒಂದೇ ಆಗಿ, ‘ಆಲು’ ಎಂಬ ಧ್ವನಿಯಷ್ಟೇ ಉಳಿಯುವುದು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಿ, ಮೈಸೂರು ಸೀಮೆಯ ಹಳ್ಳಿಗರ ಬಾಯಲ್ಲಿ ‘ಆಲು’ ಆಗಿರುವುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಭಾಷೆಯು ಶತಮಾನಗಳಲ್ಲಿ ನಡೆಯಿಸಿದ ವ್ಯಂಜನಲೋಪವನ್ನು ಕೆಟ್ಟ ಕಿವಿಯು ಕೆಲವೇ ವರ್ಷಗಳಲ್ಲಿ ನಡೆಯಿಸಿಬಿಡುತ್ತದೆ. ಭಾಷೆಯಲ್ಲಿ ಅರ್ಥಕ್ಕೆ ಹಾನಿಯಾಗಲಿಲ್ಲ, ಇಲ್ಲಿ ಅರ್ಥವೇ ಹೋಗುತ್ತದೆ. “ಗಂಟೆ ಕೇಳುತ್ತದೆ, ಮಾತು ಕೇಳುವುದಿಲ್ಲ” ಎಂಬ ಮುದುಕರ ಮಾತು ನೆವವಲ್ಲ, ಯಥಾರ್ಥವಾದ ಲಕ್ಷಣನಿರೂಪಣೆ.

ಮತ್ತೊಂದು ತೊಡಕುಂಟು. ರೋಮಕೋಶಗಳು ಕೆಟ್ಟ ಕಿವಿಗೆ ಮೆಲ್ಲನೆಯ ಧ್ವನಿ ಕೇಳದು. ಜೋರಾದ ಧ್ವನಿಯಾದರೋ ಇತರರಿಗಿರುವಷ್ಟೇ ಜೋರಾಗಿ ಬಂದು ನೋಯಿಸುವುದು. “ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದರೆ ಯಾಕೆ ಕಿರಿಚುತ್ತೀಯೆ ಎನ್ನುತ್ತಾರೆ” ಎಂದು ಮನೆಯವರು ಹೇಳುವುದಕ್ಕೆ ಇದೇ ಕಾರಣ. ಅಂತು ಶ್ರವಣವೆಂಬುದು ಧ್ವನಿಯ ಗಾತ್ರವಲ್ಲ, ವರ್ಣಗಳ ವಿವೇಕ. ಎಲ್ಲ ಧ್ವನಿಯನ್ನೂ ಒಂದೇ ಸಮನಾಗಿ ಹೆಚ್ಚಿಸುವ ಯಂತ್ರವು ಕೇಳುವುದನ್ನೇ ಮತ್ತಷ್ಟು ಕೇಳಿಸುವುದು. ಕೇಳದುದನ್ನು ಹಾಗೆಯೇ ಬಿಡುವುದು.

೩. ಯಂತ್ರದ ಪೂರ್ವೇತಿಹಾಸ

ಯೂರೋಪಿನಲ್ಲಿ ೧೭ನೆಯ ಶತಮಾನದಿಂದ ಬಳಕೆಯಲ್ಲಿದ್ದ ಕಿವಿಗಹಳೆಯು ಈ ಸಾಧನಗಳಲ್ಲಿ ಮೊದಲನೆಯದು. ಕೇಶಿರಾಜನು ಶಬ್ದದ ಉತ್ಪತ್ತಿಗೆ ಹೇಳಿದ ಕಹಳೆಯನ್ನು ತಿರುಗಿಸಿ, ಅಗಲವಾದ ಬಾಯನ್ನು ಮಾತನಾಡುವವನ ಕಡೆಗೂ ಕಿರಿದಾದ ತುದಿಯನ್ನು ಕಿವಿಗೂ ಹಿಡಿದಂತಿರುವುದು ಅದರ ರೂಪ. ಸಂಗೀತಕಾರ ಬೀಥೋವನ್ನನಿಗೆ ಮೆಲ್ಜೆಲನು ಇಂತಹ ಕಹಳೆಗಳನ್ನು ಮಾಡಿಕೊಟ್ಟಿದ್ದನು. ೧೮೭೬ರಲ್ಲಿ ದೂರವಾಣಿಯು ಬಂದ ಮೇಲೆ ವಿದ್ಯುತ್ತಿನಿಂದ ಧ್ವನಿಯನ್ನು ಬೆಳೆಸುವ ದಾರಿ ತೆರೆಯಿತು. ೧೮೯೮ರ ಸುಮಾರಿನಲ್ಲಿ ಅಮೆರಿಕದ ಹಚಿಸನ್ ಎಂಬವನು ವಿದ್ಯುತ್ತಿನ ಶ್ರವಣಯಂತ್ರವನ್ನು ರಚಿಸಿದನು. ೧೯೨೦ರ ದಶಕದಲ್ಲಿ ವ್ಯಾಕ್ಯೂಮ್ ಟ್ಯೂಬಿನ ಯಂತ್ರಗಳೂ, ೧೯೪೭ರಲ್ಲಿ ಟ್ರಾನ್ಸಿಸ್ಟರಿನ ಶೋಧವಾದ ಬಳಿಕ ೧೯೫೦ರ ದಶಕದ ಆದಿಯಲ್ಲಿ ಟ್ರಾನ್ಸಿಸ್ಟರಿನ ಯಂತ್ರಗಳೂ ಬಂದುವು. ಅಂಗಿಯ ಜೇಬಿನಲ್ಲಿದ್ದ ಯಂತ್ರವು ಕಿವಿಯ ಹಿಂದಕ್ಕೂ, ಆಮೇಲೆ ಕಿವಿಯ ಒಳಕ್ಕೂ ಸರಿಯಿತು. ೧೯೯೬ರಲ್ಲಿ ಪೂರ್ಣವಾಗಿ ಡಿಜಿಟಲ್ ಆದ ಯಂತ್ರಗಳು ಮಾರಾಟಕ್ಕೆ ಬಂದುವು.

ಕೊನೆಯ ಹೆಜ್ಜೆಯು ಮಹತ್ತರವಾದುದು. ಡಿಜಿಟಲ್ ಯಂತ್ರವು ಧ್ವನಿಯನ್ನು ಸಂಖ್ಯೆಗಳನ್ನಾಗಿ ಮಾಡಿಕೊಂಡು, ಅದನ್ನು ಅನೇಕ ಪಟ್ಟಿಗಳಾಗಿ ವಿಭಾಗಿಸಿ, ಯಾವ ಪಟ್ಟಿಯಲ್ಲಿ ಆ ಕಿವಿಗೆ ಎಷ್ಟು ಕೊರತೆಯೋ ಅಲ್ಲಿ ಅಷ್ಟನ್ನೇ ಸೇರಿಸುತ್ತದೆ. ಮೆಲುದನಿಯನ್ನು ಹೆಚ್ಚಾಗಿಯೂ ಗಟ್ಟಿದನಿಯನ್ನು ಕಡಮೆಯಾಗಿಯೂ ಬೆಳೆಸುತ್ತದೆ. ಎಂದರೆ ಯಂತ್ರದ ಅಂತರಂಗವು ವ್ಯಕ್ತಿಗೆ ತಕ್ಕದ್ದಾಯಿತು. ಅದರ ಬಹಿರಂಗವೂ ವ್ಯಕ್ತಿಗೆ ತಕ್ಕದ್ದಾಗಬೇಕಾದುದು ಮುಂದಿನ ವಿಷಯ.

೪. ಅಚ್ಚು

ಕಿವಿಯ ಕೊಳವೆಯು ಸುಮಾರು ೨.೫ ಸೆಂಟಿಮೀಟರು ಉದ್ದವಾಗಿ ಎರಡು ಕಡೆ ಬಾಗಿರುವುದು. ಇಬ್ಬರ ಕಿವಿ ಒಂದೇ ಬಗೆಯಾಗಿರುವುದಿಲ್ಲ. ಒಬ್ಬನದೇ ಎಡಗಿವಿಯೂ ಬಲಗಿವಿಯೂ ಒಂದೇ ಬಗೆಯಲ್ಲ. ಯಂತ್ರವು ಒಳಕ್ಕೆ ಕಳುಹಿದ ಧ್ವನಿಯು ಸಡಿಲವಾದ ಸಂದಿನಿಂದ ಹೊರಕ್ಕೆ ಸೋರಿ ಮತ್ತೆ ಅದರ ಮೈಕಿಗೆ ಬೀಳುವುದಾದರೆ, ಬೆಳೆದುದೇ ಮತ್ತೆ ಬೆಳೆದು ಸಿಳ್ಳೆಯಾಗುವುದು. ಸಿಳ್ಳೆಗೆ ಹೆದರಿ ಧ್ವನಿಯನ್ನು ತಗ್ಗಿಸಿದರೆ ಯಂತ್ರದ ಪ್ರಯೋಜನವೇ ಹೋಗುವುದು. ಆದುದರಿಂದ ಬಾಧಿರ್ಯವು ಹೆಚ್ಚಿದಷ್ಟೂ ಅಚ್ಚು ಬಿಗಿಯಾಗಿರಬೇಕು.

ಅಚ್ಚನ್ನು ತೆಗೆಯುವ ಕ್ರಮವು ಹೀಗಿದೆ. ಮೊದಲು ಕಿವಿಯೊಳಗೆ ದೀಪದಿಂದ ನೋಡಿ, ಗುಗ್ಗೆಯಿದ್ದರೆ ತೆಗೆಯಿಸಬೇಕು. ಆಮೇಲೆ ದಾರ ಕಟ್ಟಿದ ಹತ್ತಿಯ ಸಣ್ಣ ತಡೆಯನ್ನು ಎರಡನೆಯ ಬಾಗಿನ ಆಚೆಗೆ ಇಟ್ಟು, ತಮಟೆಯ ಪೊರೆಗೆ ಏನೂ ತಾಗದಂತೆ ಮಾಡಿ, ಮೆತ್ತನೆಯ ಸಿಲಿಕೋನ್ ಪಾಕವನ್ನು ತುಂಬುವರು. ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗುವುದು. ಹೊರತೆಗೆದಾಗ ಕಿವಿಯ ಒಳರೂಪವೇ ಕೈಯಲ್ಲಿರುವುದು. ವಿಗ್ರಹಗಳನ್ನು ಎರಕ ಹೊಯ್ಯುವವರ ಕೆಲಸವನ್ನು ಕಂಡವರಿಗೆ ಇದು ಹೊಸದೆನಿಸದು. ಹಿಂದೆ ಈ ರೂಪದಿಂದ ಒಂದು ಪಡಿಯಚ್ಚನ್ನು ಮಾಡಿ, ಅದರಲ್ಲಿ ಅಕ್ರಿಲಿಕ್ಕನ್ನು ಹೊಯ್ದು, ಕೈಯಿಂದ ಅರೆದು ನಯಮಾಡುತ್ತಿದ್ದರು. ಒಳ್ಳೆಯ ಕೈಯವನು ಮಾಡಿದರೆ ಒಳ್ಳೆಯದಾಗುತ್ತಿತ್ತು, ಇಲ್ಲವಾದರೆ ನೋಯುತ್ತಿತ್ತು. ಸುಮಾರು ೨೦೦೦ದಿಂದೀಚೆಗೆ ಆ ರೂಪವನ್ನು ಲೇಸರ್ ಬೆಳಕಿನಿಂದ ಅಳೆದು, ಕಂಪ್ಯೂಟರಿನಲ್ಲಿ ತಿದ್ದಿ, ಬೆಳಕಿಗೆ ಗಟ್ಟಿಯಾಗುವ ರಾಳವನ್ನು ಪದರದ ಮೇಲೆ ಪದರವಾಗಿ ಕೂಡಿಸಿ ಕವಚವನ್ನು ಮುದ್ರಿಸುವ ಪದ್ಧತಿ ಬಂದಿದೆ. ಇದರಿಂದ ಅಳತೆಯು ನಿಷ್ಕೃಷ್ಟವಾಯಿತು. ಕವಚವು ಕಳೆದರೆ ಅಥವಾ ಒಡೆದರೆ ಉಳಿದಿರುವ ಅಳತೆಯಿಂದಲೇ ಇನ್ನೊಂದನ್ನು ಮಾಡಬಹುದು. ದೂರದ ಊರಿನವರು ಅದಕ್ಕಾಗಿ ಮತ್ತೆ ಪ್ರಯಾಣಮಾಡಬೇಕಾಗಿಲ್ಲ.

ಆದರೆ ಕಿವಿಯನ್ನು ಪೂರ್ತಿಯಾಗಿ ಮುಚ್ಚಿದರೆ ಇನ್ನೊಂದು ದೋಷವುಂಟು. ತನ್ನ ಮಾತೇ ತನಗೆ ಕೊಡದೊಳಗಿನಿಂದ ಮಾತನಾಡಿದಂತೆ ಮೊಳಗುವುದು. ಬೆರಳುಗಳಿಂದ ಎರಡು ಕಿವಿಗಳನ್ನೂ ಮುಚ್ಚಿಕೊಂಡು ಮಾತನಾಡಿದರೆ ಇದು ಯಾರಿಗಾದರೂ ಅನುಭವಕ್ಕೆ ಬರುವುದು. ಇದರ ಪರಿಹಾರಕ್ಕಾಗಿ ಕವಚದಲ್ಲಿ ಗಾಳಿಯಾಡುವ ಸಣ್ಣ ರಂಧ್ರವನ್ನು ಬಿಡುವರು. ರಂಧ್ರವು ದೊಡ್ಡದಾದರೆ ಸಿಳ್ಳೆ, ಸಣ್ಣದಾದರೆ ಮೊಳಗು. ಇವೆರಡರ ನಡುವೆ ಆ ಕಿವಿಗೆ ತಕ್ಕ ಅಳತೆಯನ್ನು ನಿರ್ಣಯಿಸುವುದರಲ್ಲಿಯೇ ಶ್ರವಣತಜ್ಞನ ಕೌಶಲವಿದೆ. ಮಂದ್ರಸ್ವರಗಳು ಚೆನ್ನಾಗಿ ಕೇಳುತ್ತಿದ್ದು ಉಚ್ಚಸ್ವರಗಳಲ್ಲಿ ಮಾತ್ರ ಸ್ವಲ್ಪ ಕೊರತೆಯಿರುವವರಿಗೆ ಅಳತೆಯ ಕವಚವೇ ಬೇಡ. ಸಿದ್ಧವಾಗಿ ದೊರೆಯುವ ಮೆತ್ತನೆಯ ರಬ್ಬರಿನ ತುದಿಯೇ ಸಾಕು. ಬೆಳೆಯುವ ಮಕ್ಕಳ ಕಿವಿಯಾದರೋ ತಿಂಗಳುಗಳಲ್ಲಿ ಅಳತೆಯನ್ನು ಮೀರುವುದು. ಅವರಿಗೆ ಯಂತ್ರವು ಕಿವಿಯ ಹಿಂದೆಯೇ ಇದ್ದು, ಮೆತ್ತನೆಯ ಅಚ್ಚನ್ನು ಮಾತ್ರ ಮತ್ತೆ ಮತ್ತೆ ಬದಲಾಯಿಸುವುದು ಯುಕ್ತ.

೫. ವಿದ್ಯುತ್ಕೋಶ

ಯಂತ್ರವು ಎಷ್ಟು ಜಾಣತನದ್ದಾದರೂ ಸೆಲ್ಲು ಇಲ್ಲದಿದ್ದರೆ ಅದು ಬಿರಡೆ. ಹಿಂದಿನ ಜೇಬಿನ ಯಂತ್ರವು ಕಣ್ಣಿಗೆ ಒಪ್ಪದಿದ್ದರೂ ಅದರಲ್ಲಿ ಒಂದು ಅನುಕೂಲವಿದ್ದಿತು: ಅದಕ್ಕೆ ಬೇಕಾದ ಪೆನ್ಸಿಲ್ ಸೆಲ್ಲು ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿಯೂ ಸಿಕ್ಕುತ್ತಿತ್ತು. ಕಿವಿಯ ಯಂತ್ರಗಳಿಗೆ ೧೯೭೦ರ ದಶಕದಿಂದ ಬಂದ ಸತು-ಗಾಳಿಯ ಗುಂಡಿಸೆಲ್ಲು ಹಾಗಲ್ಲ. ಇದರ ಮೇಲಿನ ಅಂಟುಚೀಟಿಯನ್ನು ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿಯು ಹೊಕ್ಕು, ಅದರಲ್ಲಿಯ ಆಮ್ಲಜನಕವು ಸತುವಿನೊಡನೆ ಕೂಡಿ ವಿದ್ಯುತ್ತು ಹುಟ್ಟುವುದು. ಚೀಟಿಯನ್ನು ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ಬಳಸಿದರೂ ಬಳಸದಿದ್ದರೂ ಅದರ ಆಯುಸ್ಸು ಸವೆಯುತ್ತಿರುವುದು. ಗಾತ್ರವನ್ನೂ ಬಳಕೆಯನ್ನೂ ಅನುಸರಿಸಿ ಅದು ಒಂದೆರಡು ವಾರ ನಡೆಯುವುದು. ಇಂತಹ ಸೆಲ್ಲು ನಗರದಲ್ಲಿ ದೊರೆಯುವಂತೆ ಎಲ್ಲ ಹಳ್ಳಿಗಳಲ್ಲಿಯೂ ದೊರೆಯುವುದಿಲ್ಲ. ನಡುಗುವ ಬೆರಳುಗಳಿಗೂ ಮಸುಕಾದ ಕಣ್ಣುಗಳಿಗೂ ಆ ಸಣ್ಣ ಗುಂಡಿಯನ್ನು ಸರಿಯಾದ ಮುಖವಾಗಿ ಕೂರಿಸುವುದೂ ಕಷ್ಟ. ಮಕ್ಕಳು ಅದನ್ನು ನುಂಗುವ ಅಪಾಯವೂ ಉಂಟು.

ಮರಳಿ ತುಂಬುವ ಕೋಶಗಳ ಪ್ರಯತ್ನವು ಹೊಸದಲ್ಲ. ನಿಕಲ್-ಮೆಟಲ್ ಹೈಡ್ರೈಡ್ ಕೋಶಗಳು ಎಷ್ಟೋ ವೇಳೆ ಒಂದು ಪೂರ್ಣದಿನಕ್ಕೂ ಸಾಲುತ್ತಿರಲಿಲ್ಲ. ಬೆಳ್ಳಿ-ಸತುವಿನ ಕೋಶಗಳನ್ನೂ ಪ್ರಯೋಗಿಸಿದರು. ೨೦೧೬ರಿಂದ ಲಿಥಿಯಮ್-ಅಯಾನ್ ಕೋಶವುಳ್ಳ ಯಂತ್ರಗಳು ಪ್ರಚಾರಕ್ಕೆ ಬಂದುವು. ರಾತ್ರಿ ಮಲಗುವಾಗ ಯಂತ್ರವನ್ನು ಚಾರ್ಜರಿನ ಗುಳಿಯಲ್ಲಿಟ್ಟರೆ ಮೂರು ನಾಲ್ಕು ಗಂಟೆಗಳಲ್ಲಿ ಅದು ತುಂಬಿ, ಮರುದಿನ ಎಚ್ಚರವಿರುವಷ್ಟು ಹೊತ್ತೂ ನಡೆಯುವುದು. ಆದರೆ ಈ ಕೋಶಕ್ಕೆ ಸ್ಥಳ ಬೇಕು. ಅದರ ಜೊತೆಗಿರಬೇಕಾದ ರಕ್ಷಣೆಯ ಏರ್ಪಾಟಿಗೂ ಸ್ಥಳ ಬೇಕು. ಆದಕಾರಣ ಮೊದಮೊದಲು ಇದು ಕಿವಿಯ ಹಿಂದಿನ ಯಂತ್ರಗಳಲ್ಲಿ ಮಾತ್ರ ಇದ್ದಿತು. ಕಿವಿಯ ಅಳತೆಗೆ ಮಾಡಿದ ಕವಚದೊಳಗೇ ಇದನ್ನು ಅಡಗಿಸುವುದು ೨೦೨೦ರ ಸುಮಾರಿಗೆ ಸಾಧ್ಯವಾಯಿತು. ಹೀಗೆ ಇದುವರೆಗೆ ಬೇರೆ ಬೇರೆಯಾಗಿ ಬೆಳೆದ ಎರಡು ದಾರಿಗಳು ಒಂದಾಗಿವೆ.

೬. ಆಕ್ಷೇಪ ಸಮಾಧಾನಗಳು

ಇಲ್ಲಿ ಆಕ್ಷೇಪವೊಂದು ಬರಬಹುದು: ಈ ಸೌಕರ್ಯಗಳು ಸಿರಿವಂತರಿಗೂ ನಗರವಾಸಿಗಳಿಗೂ ಸಲ್ಲುವುವಲ್ಲದೆ ಹೊಳೆಯ ದಂಡೆಯ ಊರಿನವರಿಗೆ ಇದರಿಂದೇನು? ಆಕ್ಷೇಪವು ನಿರಾಧಾರವಲ್ಲ. ಮರಳಿ ತುಂಬುವ ಯಂತ್ರದ ಬೆಲೆ ಹೆಚ್ಚು. ರಾತ್ರಿಯೆಲ್ಲ ಕರೆಂಟು ಹೋಗಿದ್ದರೆ ಮರುದಿನ ಯಂತ್ರವೂ ಮೌನವಾಗುವುದು. ಕೋಶದ ಶಕ್ತಿಯು ಕೆಲವು ವರ್ಷಗಳಲ್ಲಿ ಕುಂದುವುದು. ಅನೇಕ ಯಂತ್ರಗಳಲ್ಲಿ ಅದನ್ನು ಬಳಸುವವನೇ ಬದಲಾಯಿಸುವಂತಿಲ್ಲ, ತಯಾರಕರಿಗೆ ಕಳುಹಬೇಕು. ಬೆವರು, ಹೊಳೆಯ ಕಡೆಯ ತೇವ, ಗಾಳಿಗೆ ಏಳುವ ನುಣ್ಣನೆಯ ಮರಳು ಇವು ಯಾವ ಬಗೆಯ ಯಂತ್ರಕ್ಕಾದರೂ ಹಗೆಗಳೇ. ತಲಕಾಡಿನ ಗುಡಿಗಳ ಮೇಲಿನ ಮರಳನ್ನು ಒಮ್ಮೆ ತೆಗೆದು ಸುಮ್ಮನಿರಲಾಗದಂತೆ, ಯಂತ್ರದ ಬಾಯಲ್ಲಿ ಸೇರುವ ಧೂಳನ್ನೂ ಗುಗ್ಗೆಯನ್ನೂ ದಿನದಿನವೂ ಒರಸುತ್ತಿರಬೇಕು.

ಹೀಗಿದ್ದರೂ ಸಮಾಧಾನವುಂಟು. ಕರೆಂಟು ಇಂದು ಹೆಚ್ಚು ಕಡಮೆ ಎಲ್ಲ ಊರುಗಳಿಗೂ ಬಂದಿದೆ. ಮೊಬೈಲಿಗೆ ಚಾರ್ಜು ಮಾಡುವುದನ್ನು ಅರಿಯದ ಮನೆ ಅಪೂರ್ವ. ಸತು-ಗಾಳಿಯ ಸೆಲ್ಲು ಅಂತಹ ಮನೆಗೆ ದೂರವಾದುದು, ಚಾರ್ಜರು ಹತ್ತಿರವಾದುದು. ಆದುದರಿಂದ ಈ ಅಭಿವೃದ್ಧಿಯು ನಗರಕ್ಕೆ ಶೋಕಿಯಾದರೆ ಹಳ್ಳಿಗೆ ಅವಶ್ಯಕ ಎಂದರೂ ಸಲ್ಲುವುದು. ಕೆಲವು ಚಾರ್ಜರುಗಳು ತಮ್ಮಲ್ಲಿಯೇ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವುದರಿಂದ ಕರೆಂಟಿಲ್ಲದ ರಾತ್ರಿಯಲ್ಲಿಯೂ ಉಪಯೋಗಕ್ಕೆ ಬರುವುವು.

೭. ಮೈಸೂರಿನ ಸಂಸ್ಥೆ

ಈ ಪ್ರಾಂತದವರಿಗೆ ಇನ್ನೊಂದು ಅನುಕೂಲವುಂಟು. ತಲಕಾಡಿನಿಂದ ಸುಮಾರು ೪೫ ಕಿಲೋಮೀಟರು ದೂರದ ಮೈಸೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ, ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಶ್ರವಣಪರೀಕ್ಷೆ, ಯಂತ್ರದ ಆಯ್ಕೆ, ಕಿವಿಯ ಅಚ್ಚಿನ ತಯಾರಿಕೆ, ತಜ್ಞರ ಶಿಕ್ಷಣ ಇವೆಲ್ಲವೂ ಅಲ್ಲಿ ಒಂದೆಡೆ ನಡೆಯುತ್ತವೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂತಹ ಊರುಗಳ ಆರೋಗ್ಯಕೇಂದ್ರಗಳಲ್ಲಿ ಅದು ಸೇವಾಕೇಂದ್ರಗಳನ್ನು ನಡೆಯಿಸಿದೆ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಭಾರತ ಸರ್ಕಾರದ ಯೋಜನೆಯು ೧೯೮೧ರಿಂದ ಇದೆ. ೨೦೧೬ರ ಕಾನೂನಿನ ಮೇರೆಗೆ ಎರಡು ಕಿವಿಗಳಲ್ಲಿಯೂ ಮಾತಿನ ಕಂಪನಗಳಲ್ಲಿ ೬೦ರಿಂದ ೭೦ ಡೆಸಿಬೆಲ್ಲಿನ ನಷ್ಟವುಳ್ಳವರು ಮಂದಶ್ರವಣದವರೆಂದೂ, ೭೦ ಡೆಸಿಬೆಲ್ಲಿನ ನಷ್ಟವುಳ್ಳವರು ಕಿವುಡರೆಂದೂ ಪರಿಗಣಿತರಾಗುವರು. ಸಾಮಾನ್ಯ ಸಂಭಾಷಣೆಯೇ ಸುಮಾರು ೬೦ ಡೆಸಿಬೆಲ್ಲಿನದಾದುದರಿಂದ, ಕಾನೂನಿನ ಮೇರೆಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಮನುಷ್ಯನು ಮಾತಿನ ಬಹುಭಾಗವನ್ನು ಕಳೆದುಕೊಂಡಿರುವನೆಂಬುದನ್ನು ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ವರದಿಯ ಪ್ರಕಾರ ಲೋಕದಲ್ಲಿ ಸುಮಾರು ೧೫೦ ಕೋಟಿ ಜನರಿಗೆ ಯಾವುದಾದರೊಂದು ಪ್ರಮಾಣದ ಶ್ರವಣನಷ್ಟವುಂಟು. ಅವರಲ್ಲಿ ೪೩ ಕೋಟಿ ಜನರಿಗೆ ಚಿಕಿತ್ಸೆಯೋ ಸಾಧನವೋ ಅವಶ್ಯಕವಾದಷ್ಟು ತೀವ್ರವಾದುದು.

ಸಾಹಿತ್ಯವನ್ನು ಬೋಧಿಸುವವರು ಗಮನಿಸಬೇಕಾದ ಕಾರ್ಯವೊಂದು ಈ ಸಂಸ್ಥೆಯಲ್ಲಿ ನಡೆದಿದೆ. ಯಂತ್ರದಿಂದ ಮಾತು ತಿಳಿಯುತ್ತಿದೆಯೇ ಎಂದು ಪರೀಕ್ಷಿಸಲು ಗಂಟೆಯ ನಾದ ಸಾಲದು, ಮಾತೇ ಬೇಕು. ಅದೂ ಕೇಳುವವನ ನುಡಿಯಾಗಿರಬೇಕು. ಕನ್ನಡದಲ್ಲಿ ಯಾವ ವರ್ಣವು ಎಷ್ಟು ಬಾರಿ ಬರುವುದೋ ಆ ಪ್ರಮಾಣವನ್ನು ಅನುಸರಿಸಿ ಆರಿಸಿದ ಪದಗಳ ಪಟ್ಟಿಗಳನ್ನು ೨೦೦೫ರಲ್ಲಿ ಅಲ್ಲಿ ಸಿದ್ಧಪಡಿಸಿದರು. ವರ್ಣಸಮಾಮ್ನಾಯವನ್ನು ಎಣಿಸುವುದು ವ್ಯಾಕರಣದ ಕೆಲಸವೆಂದು ಮಾತ್ರ ತಿಳಿದಿರುವವರಿಗೆ ಇದೊಂದು ಹೊಸ ಪ್ರಯೋಜನ. ಆದರೆ ಆಡುನುಡಿಯಲ್ಲಿ ಹಕಾರವನ್ನು ಬಿಡುವವರಿಗೂ, ಶಕಾರ ಸಕಾರಗಳನ್ನು ಒಂದಾಗಿ ನುಡಿಯುವವರಿಗೂ ಗ್ರಾಂಥಿಕಪದಗಳಿಂದ ಪರೀಕ್ಷೆ ನಡೆಯಿಸಿದರೆ ಕಿವಿಯ ದೋಷ ಯಾವುದು, ನುಡಿಯ ಭೇದ ಯಾವುದು ಎಂಬ ಗೊಂದಲಕ್ಕೆ ಎಡೆಯುಂಟು. ಪ್ರಾಂತಭಾಷೆಗಳನ್ನು ಬಲ್ಲ ಪಂಡಿತರು ಶ್ರವಣತಜ್ಞರಿಗೆ ನೆರವಾಗಬಹುದಾದ ಸ್ಥಳವಿದು.

ಉಪಸಂಹಾರ

ಮಲೆಯಾಳದ ಮಹಾಕವಿ ವಳ್ಳತ್ತೋಳರು ಯೌವನದಲ್ಲಿಯೇ ಕಿವಿಯನ್ನು ಕಳೆದುಕೊಂಡು, ಆ ದುಃಖವನ್ನು ‘ಬಧಿರವಿಲಾಪಂ’ ಎಂಬ ಕಾವ್ಯವನ್ನಾಗಿ ಮಾಡಿದರು. ಕವಿಯಾದವನಿಗೆ ವಿಲಾಪವಾದರೂ ಉಳಿಯಿತು. ಕವಿಯಲ್ಲದವನು ಜಗಲಿಯ ಮೂಲೆಯಲ್ಲಿ ಕುಳಿತು, ಕೇಳದ ಮಾತಿಗೆ ತಲೆದೂಗಿ, ಕ್ರಮೇಣ ಮಾತನ್ನೇ ಬಿಡುವನು. ಅವನ ನೆನಪಿನಲ್ಲಿರುವ ಕಥೆ, ಗಾದೆ, ಪದಗಳನ್ನು ಕೇಳುವವರೂ ಆಮೇಲೆ ಇರುವುದಿಲ್ಲ. ಏಕೆಂದರೆ ಕೇಳಲಾರದವನನ್ನು ಯಾರೂ ಮಾತನಾಡಿಸರು. ಒಂದು ಕಿವಿಯು ಮುಚ್ಚಿದಾಗ ಒಂದು ಬಾಯಿಯೂ ಮುಚ್ಚುವುದು.

ಆದುದರಿಂದ ಮೇಲಿನ ವಿಚಾರದ ನಿರ್ಣಯವಿಷ್ಟು. ಹೊಸ ಯಂತ್ರದ ಗುಣವು ಅದರ ಜೋರಿನಲ್ಲಿ ಇಲ್ಲ; ಅದು ಈ ಕಿವಿಗೆ, ಈ ನಷ್ಟಕ್ಕೆ, ಈ ಮನೆಯ ದಿನಚರಿಗೆ ತಕ್ಕದ್ದಾಗಿರುವುದರಲ್ಲಿದೆ. ಕವಚವು ಅದನ್ನು ಕಿವಿಗೆ ಹೊಂದಿಸುವುದು, ಕೋಶವು ಮನೆಗೆ ಹೊಂದಿಸುವುದು. ಮೂರನೆಯ ಹೊಂದಿಕೆಯನ್ನು ಯಾವ ಯಂತ್ರವೂ ಮಾಡಲಾರದು. ವರ್ಷಗಳ ಮೌನದ ಬಳಿಕ ಮರಳಿ ಬಂದ ಧ್ವನಿಗಳು ಮೊದಲಲ್ಲಿ ಗದ್ದಲವಾಗಿ ತೋರುವುವು. ಅವನ್ನು ಮತ್ತೆ ಮಾತಾಗಿ ಗುರುತಿಸಲು ಮನಸ್ಸಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆ ಕಾಲದಲ್ಲಿ ಮನೆಯವರು ಎದುರಿಗೆ ಬಂದು, ಮುಖ ಕಾಣುವಂತೆ ಕುಳಿತು, ಕೂಗದೆ ಬಿಡಿಸಿ ಮಾತನಾಡಬೇಕು. ವೈದ್ಯೇಶ್ವರನ ಮರದ ಮದ್ದಿನಂತೆ ಉಪಾಯವು ಕೈಗೆಟಕುವಷ್ಟು ಹತ್ತಿರ ಬಂದಿದೆ. ಅದನ್ನು ಹೇಳುವವರೂ ಹೇಳಿದಂತೆ ಮಾಡುವವರೂ ಇರುವವರೆಗೆ ಯಂತ್ರವು ಪೆಟ್ಟಿಗೆಯಲ್ಲಿರದೆ ಕಿವಿಯಲ್ಲಿರುವುದು.